ವದಂತಿಯಿಂದ ಮನೆ ಕಳೆದುಕೊಂಡ ವೈದ್ಯ, ಸತ್ತವರ ಪರ ಪ್ರಶ್ನೆ ಕೇಳಿದ ಕೊರೋನರ್: ಥಾಮಸ್ ವಾಕ್ಲಿಯ ಕತೆ

ಎನ್.ಆರ್. ಕಾಲೋನಿಯ ಒಂದು ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂದುಕೊಳ್ಳಿ. ನೆಂಟರಿಷ್ಟರಿಗೆ ಫೋನ್ ಹೋಗುತ್ತದೆ, ಪುರೋಹಿತರಿಗೆ ಹೇಳಿಕಳಿಸುತ್ತಾರೆ, ವ್ಯಾನ್ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಚಾಮರಾಜಪೇಟೆಯ ಟಿ.ಆರ್. ಮಿಲ್ ಚಿತಾಗಾರಕ್ಕೋ ಬನಶಂಕರಿಯ ಚಿತಾಗಾರಕ್ಕೋ ಹೊರಡುವ ಹೊತ್ತಿಗೆ, ಡಾಕ್ಟರ ಸರ್ಟಿಫಿಕೇಟ್ ಮಾಡಿಸಿದ್ದೀರಾ ಎಂದು ಯಾರೋ ಕೇಳುತ್ತಾರೆ. ಮನೆಯಲ್ಲಿ ಆದ ಸಾವಿಗೆ ಅದು ಫಾರಂ 4ಎ, ಆಸ್ಪತ್ರೆಯಲ್ಲಾದರೆ ಫಾರಂ 4. ಸಾವಿಗೆ ಕಾರಣವೇನು ಎಂದು ನೋಂದಾಯಿತ ವೈದ್ಯರೊಬ್ಬರು ಬರೆದು ಸಹಿ ಹಾಕಬೇಕು. ದುಃಖದಲ್ಲಿರುವವರಿಗೆ ಇದೆಲ್ಲ ಸುಮ್ಮನೆ ಕೊಡುವ ಕಾಟ ಅನ್ನಿಸುವುದು ಸಹಜ.

ಇನ್ನು ಸಾವು ಅಪಘಾತದಿಂದಾಗಿದ್ದರೆ, ಅನುಮಾನವಿದ್ದರೆ, ಪೊಲೀಸರು ಬರುತ್ತಾರೆ, ಪಂಚನಾಮೆ ಆಗುತ್ತದೆ, ಪೋಸ್ಟ್‌ಮಾರ್ಟಂ ಆಗುತ್ತದೆ. ಆಗ ಫ್ಯಾಮಿಲಿ ಗ್ರೂಪಿನಲ್ಲಿ ಹಳೆಯ ಫಾರ್ವರ್ಡ್ ಒಂದು ಎದ್ದು ಬರುತ್ತದೆ. ಶವವನ್ನು ಕೊಯ್ಯಲು ಬಿಡಬೇಡಿ, ಕಿಡ್ನಿ, ಹೃದಯ ತೆಗೆದು ಮಾರಿಕೊಳ್ಳುತ್ತಾರೆ ಎಂಬ ಫಾರ್ವರ್ಡ್ ಅದು. ಅದು ಏಕೆ ಸುಳ್ಳು ಎಂಬುದನ್ನು ಮುಂದೆ ನೋಡೋಣ. ಅದಕ್ಕೂ ಮೊದಲು, ಸತ್ತವರ ಬಗ್ಗೆ ಪ್ರಶ್ನೆ ಕೇಳಲೇಬೇಕು ಎಂದು ಜೀವಮಾನವಿಡೀ ಜಗಳವಾಡಿದ ಒಬ್ಬ ಮನುಷ್ಯನ ಪರಿಚಯ ಮಾಡಿಕೊಳ್ಳೋಣ. ಆತನ ಹೆಸರು ಥಾಮಸ್ ವಾಕ್ಲಿ. ವೈದ್ಯಲೋಕದ ಅತಿ ಹೆಸರುವಾಸಿ ಪತ್ರಿಕೆ ಲ್ಯಾನ್ಸೆಟ್ ಆರಂಭಿಸಿದವನು ಆತನೇ. ಆದರೆ 1839ರಿಂದ ಸಾಯುವವರೆಗೆ ಆತ ಲಂಡನ್ನಿನ ಪಶ್ಚಿಮ ಮಿಡ್ಲ್‌ಸೆಕ್ಸ್ ಭಾಗದ ಕೊರೋನರ್ ಕೂಡ ಆಗಿದ್ದ ಎಂಬುದು ಅಷ್ಟಾಗಿ ಜನಕ್ಕೆ ಗೊತ್ತಿಲ್ಲ.

ಕೊರೋನರ್ ಎಂದರೆ ಯಾರು? ಇಂಗ್ಲೆಂಡಿನಲ್ಲಿ 12ನೇ ಶತಮಾನದಿಂದಲೂ ಇರುವ ಅಧಿಕಾರಿ. ಅಸಹಜ ಸಾವು ಆದಲ್ಲಿಗೆ ಹೋಗಿ, ಊರಿನವರನ್ನೇ ಜ್ಯೂರಿಯಾಗಿ ಕೂರಿಸಿ, ಶವ ತೋರಿಸಿ, ಸಾಕ್ಷಿ ಕೇಳಿ, ಸತ್ತವರು ಯಾರು, ಎಲ್ಲಿ, ಹೇಗೆ ಸತ್ತರು ಎಂದು ತೀರ್ಮಾನ ಬರೆಸುವುದು ಆತನ ಕೆಲಸ. ನಮ್ಮ ದೇಶದಲ್ಲಿ 1871ರ ಕೊರೋನರ್ ಕಾಯ್ದೆ ಬ್ರಿಟಿಷರ ಪ್ರೆಸಿಡೆನ್ಸಿ ನಗರಗಳಿಗಷ್ಟೇ ಇತ್ತು. ಮುಂಬೈಯಲ್ಲಿ ಈ ಹುದ್ದೆ 1999ರವರೆಗೂ ಉಳಿದಿತ್ತು. ಈಗ ಬೆಂಗಳೂರಿನಲ್ಲಿ ಆ ಕೆಲಸವನ್ನು ಪೊಲೀಸರೂ ಮ್ಯಾಜಿಸ್ಟ್ರೇಟರೂ ಹಂಚಿಕೊಂಡಿದ್ದಾರೆ.

ಮುಖವಾಡದವನು ಯಾರು?

ವಾಕ್ಲಿ ಹುಟ್ಟಿದ್ದು 1795ರ ಜುಲೈ 11ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ರೈತನ ಮನೆಯಲ್ಲಿ. ಹನ್ನೊಂದು ಮಕ್ಕಳಲ್ಲಿ ಕಿರಿಯವನು. ಔಷಧಿ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಲಂಡನ್ನಿಗೆ ಬಂದು ಆಸ್ಪತ್ರೆಗಳಲ್ಲಿ ಓದಿ, 1817ರಲ್ಲಿ ಸರ್ಜನ್ ಆದ. ಕಟ್ಟುಮಸ್ತಾದ ಆಳು, ಬಾಕ್ಸಿಂಗ್ ಎಂದರೆ ಇಷ್ಟ. 1820ರಲ್ಲಿ ಮದುವೆಯಾಯಿತು, ಲಂಡನ್ನಿನ ಆರ್ಗೈಲ್ ಸ್ಟ್ರೀಟಿನಲ್ಲಿ ಒಳ್ಳೆಯ ಮನೆ ಸಿಕ್ಕಿತು, ರೋಗಿಗಳೂ ಬರತೊಡಗಿದರು. ಬದುಕು ಒಂದು ಹದಕ್ಕೆ ಬಂತು ಎನ್ನುವಾಗ ವದಂತಿಯೊಂದು ಆತನನ್ನು ಹುಡುಕಿಕೊಂಡು ಬಂತು.

ಅದೇ ವರ್ಷದ ಮೇ 1ರಂದು ಲಂಡನ್ನಿನಲ್ಲಿ ಐವರನ್ನು ಗಲ್ಲಿಗೇರಿಸಿದ್ದರು. ಇಡೀ ಮಂತ್ರಿಮಂಡಲವನ್ನೇ ಕೊಲ್ಲಲು ಕೇಟೋ ಸ್ಟ್ರೀಟ್ ಎಂಬಲ್ಲಿ ಸಂಚು ಹೂಡಿದ್ದರು ಎಂಬುದು ಅವರ ಮೇಲಿದ್ದ ಆರೋಪ. ನೇಣು ಹಾಕಿದ ಮೇಲೆ, ಮುಖವಾಡ ತೊಟ್ಟ ಒಬ್ಬ ಮನುಷ್ಯ ಬಂದು ಆ ಹೆಣಗಳ ತಲೆ ಕತ್ತರಿಸಿದ. ಕೈ ಎಷ್ಟು ಚುರುಕಾಗಿತ್ತೆಂದರೆ, ಇವನು ಸರ್ಜನ್ನೇ ಇರಬೇಕು ಎಂದು ಜನ ಲೆಕ್ಕ ಹಾಕಿದರು. ಆ ಲೆಕ್ಕಕ್ಕೆ ಯಾರೋ ಒಂದು ಹೆಸರು ಸೇರಿಸಿದರು: ವಾಕ್ಲಿ. ಪುರಾವೆ ಏನೂ ಇರಲಿಲ್ಲ. ವಾಟ್ಸಾಪ್ ಇಲ್ಲದ ಕಾಲದಲ್ಲೂ ಬಾಯಿಂದ ಬಾಯಿಗೆ ಫಾರ್ವರ್ಡ್ ಆಗಲು ಅದೇನೂ ಬೇಕಿರಲಿಲ್ಲ.

ಆಗಸ್ಟ್ ಕೊನೆಯ ಒಂದು ರಾತ್ರಿ ಬಾಗಿಲು ಬಡಿದ ಶಬ್ದಕ್ಕೆ ವಾಕ್ಲಿ ಕೆಳಗಿಳಿದು ಬಂದ. ಆತನನ್ನು ಹೊಡೆದು, ಇರಿದು, ಮನೆಗೆ ಬೆಂಕಿ ಹಚ್ಚಿ ಹೋದರು. ಹೇಗೋ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ದಾಳಿ ಮಾಡಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಗಲ್ಲಿಗೇರಿದವರ ಕಡೆಯವರು ಸೇಡು ತೀರಿಸಿಕೊಂಡರು ಎಂದೇ ಎಲ್ಲರೂ ಭಾವಿಸಿದರು. ಗಾಯದ ಮೇಲೆ ಬರೆ ಎಂಬಂತೆ, ವಿಮಾ ಕಂಪನಿ ದುಡ್ಡು ಕೊಡಲು ಒಪ್ಪಲಿಲ್ಲ. ಈತನೇ ಮನೆಗೆ ಬೆಂಕಿ ಇಟ್ಟುಕೊಂಡು ನಾಟಕ ಆಡುತ್ತಿದ್ದಾನೆ ಎಂದಿತು. ಅಲ್ಲಿಂದ ಎರಡನೇ ವದಂತಿ ಶುರುವಾಯಿತು. ವಾಕ್ಲಿ ಕೋರ್ಟಿಗೆ ಹೋಗಿ ಗೆದ್ದ, ಹಣವೂ ಬಂತು. ಆದರೆ ಪ್ರಾಕ್ಟೀಸು ಹಳ್ಳ ಹಿಡಿದಿತ್ತು. ಕೋರ್ಟಿನ ತೀರ್ಪು ವದಂತಿಯಷ್ಟು ಬೇಗ ಬೀದಿ ಬೀದಿ ಸುತ್ತುವುದಿಲ್ಲವಲ್ಲ.

ಪತ್ರಿಕೆ ಎಂಬ ಚೂರಿ

1823ರ ಅಕ್ಟೋಬರ್ 5ರಂದು ಲ್ಯಾನ್ಸೆಟ್ ವಾರಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಲ್ಯಾನ್ಸೆಟ್ ಎಂದರೆ ಸರ್ಜನ್ನರು ಬಳಸುವ ಚೂಪಾದ ಪುಟ್ಟ ಚೂರಿ. ಆ ಹೆಸರಿಗೆ ತಕ್ಕಂತೆ ಪತ್ರಿಕೆ ಚುಚ್ಚಿತು. ಲಂಡನ್ನಿನ ದೊಡ್ಡ ಆಸ್ಪತ್ರೆಗಳಲ್ಲಿ ಆಗ ಹುದ್ದೆಗಳು ಮಾವನಿಂದ ಅಳಿಯನಿಗೆ, ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಹೋಗುತ್ತಿದ್ದವು. ದೊಡ್ಡ ಸರ್ಜನ್ನರ ಪಾಠ ಕೇಳಲು ವಿದ್ಯಾರ್ಥಿಗಳು ಭಾರಿ ಫೀಸು ಕಟ್ಟಬೇಕಿತ್ತು. ವಾಕ್ಲಿ ಆ ಪಾಠಗಳನ್ನು ಹೇಳದೆ ಕೇಳದೆ ಅಚ್ಚು ಹಾಕಿಬಿಟ್ಟ. ಆಸ್ಪತ್ರೆಯಲ್ಲಿ ತಪ್ಪಿದ ಆಪರೇಷನ್‌ಗಳ ವರದಿಗಳನ್ನೂ ಹಾಕತೊಡಗಿದ.

1828ರಲ್ಲಿ ಸ್ಟೀಫನ್ ಪೊಲಾರ್ಡ್ ಎಂಬ ಕೂಲಿಕಾರನಿಗೆ ಮೂತ್ರಕೋಶದ ಕಲ್ಲು ತೆಗೆಯುವ ಆಪರೇಷನ್ ಆಯಿತು. ಅರಿವಳಿಕೆ ಬರಲು ಇನ್ನೂ 18 ವರ್ಷವಿತ್ತು. ನುರಿತವರು ಐದಾರು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಸರ್ಜನ್ ಬ್ರಾನ್ಸ್‌ಬಿ ಕೂಪರ್ ಹತ್ತಿರ ಹತ್ತಿರ ಒಂದು ಗಂಟೆ ತೆಗೆದುಕೊಂಡ. ಕೈಕಾಲು ಕಟ್ಟಿಸಿಕೊಂಡು ಮಲಗಿದ್ದ ಪೊಲಾರ್ಡ್ ಸಾಕು ನಿಲ್ಲಿಸಿ ಎಂದು ಗೋಗರೆದ. ಮಾರನೆಯ ದಿನ ಸತ್ತ. ಕೂಪರ್ ಆ ಹುದ್ದೆಗೆ ಬಂದಿದ್ದು ಚಿಕ್ಕಪ್ಪನ ಪ್ರಭಾವದಿಂದ, ಕೌಶಲದಿಂದಲ್ಲ ಎಂದು ಲ್ಯಾನ್ಸೆಟ್ ಬರೆಯಿತು. ಕೂಪರ್ ಮಾನನಷ್ಟ ಮೊಕದ್ದಮೆ ಹೂಡಿ 2000 ಪೌಂಡ್ ಕೇಳಿದ. ನ್ಯಾಯಾಲಯ ಕೊಡಿಸಿದ್ದು 100. ಅದನ್ನೂ ಜನರೇ ಚಂದಾ ಎತ್ತಿ ಕಟ್ಟಿದರು.

ಇದನ್ನು ಓದುವಾಗ ಒಂದು ವಿಷಯ ಗಮನಿಸಿ. ವಾಕ್ಲಿಯ ಭಾಷೆ ಒರಟು, ಬೈಗುಳವೂ ಧಾರಾಳ. ಆದರೆ ಯಾರ ಮೇಲೆ ಆರೋಪವೋ ಅವರ ಹೆಸರು, ದಿನ, ಆಸ್ಪತ್ರೆ ಎಲ್ಲವನ್ನೂ ಬರೆದು, ಬೇಕಾದರೆ ಕೋರ್ಟಿಗೆ ಬನ್ನಿ ಎಂದು ಎದೆಯೊಡ್ಡಿ ನಿಲ್ಲುತ್ತಿದ್ದ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೀಗಾಯಿತಂತೆ, ಎಲ್ಲರಿಗೂ ಕಳಿಸಿ ಎನ್ನುವ ಸಂದೇಶಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಸೀಸವೋ ನಿಕ್ಕೆಲ್ಲೋ

ಕೊರೋನರ್ ಆಗುವ ಮೊದಲಿನ ವರ್ಷ, 1838ರಲ್ಲಿ, ವಾಕ್ಲಿ ಮಾಡಿದ ಒಂದು ಪರೀಕ್ಷೆಯನ್ನು ಇವತ್ತಿಗೂ ಶಾಲೆಗಳಲ್ಲಿ ಹೇಳಿಕೊಡಬೇಕು ಅನ್ನಿಸುತ್ತದೆ.

ಆತನ ಗೆಳೆಯ ಡಾ. ಜಾನ್ ಎಲಿಯಟ್ಸನ್ ದೊಡ್ಡ ವೈದ್ಯ. ಸ್ಟೆತಸ್ಕೋಪನ್ನು ಬ್ರಿಟನ್ನಿನಲ್ಲಿ ಮೊದಮೊದಲು ಬಳಸಿದವರಲ್ಲಿ ಒಬ್ಬ. ಆತನಿಗೆ ಮೆಸ್ಮರಿಸಂ ಹುಚ್ಚು ಹಿಡಿಯಿತು. ಮನುಷ್ಯನ ದೇಹದಿಂದ ಕಾಣದ ಶಕ್ತಿಯೊಂದು ಹರಿಯುತ್ತದೆ, ಕೈಬೀಸಿ ಅದನ್ನು ರೋಗಿಗೆ ದಾಟಿಸಬಹುದು ಎಂಬ ನಂಬಿಕೆ ಅದು. ಎಲಿಜಬೆತ್ ಮತ್ತು ಜೇನ್ ಓಕಿ ಎಂಬ ಅಕ್ಕತಂಗಿಯರ ಮೇಲೆ ಆಸ್ಪತ್ರೆಯಲ್ಲೇ ಪ್ರದರ್ಶನ ನಡೆಯುತ್ತಿತ್ತು. ನಿಕ್ಕೆಲ್ ಲೋಹ ಈ ಶಕ್ತಿಯನ್ನು ಹಿಡಿದಿಡುತ್ತದೆ, ಸೀಸಕ್ಕೆ ಆ ಗುಣವಿಲ್ಲ, ನಿಕ್ಕೆಲ್ ಮುಟ್ಟಿಸಿದರೆ ಹುಡುಗಿಗೆ ಸೆಟೆತ ಬರುತ್ತದೆ ಎಂದು ಎಲಿಯಟ್ಸನ್ ಹೇಳುತ್ತಿದ್ದ.

ವಾಕ್ಲಿ ಅವರನ್ನೆಲ್ಲ ತನ್ನ ಮನೆಗೇ ಕರೆಸಿದ. ಹುಡುಗಿಗೆ ಕಾಣದಂತೆ ಮರೆಮಾಡಿ, ನಿಕ್ಕೆಲ್ ಬದಲು ಸೀಸ ಮುಟ್ಟಿಸಿದ. ಪಕ್ಕದಲ್ಲಿದ್ದವರೊಬ್ಬರು, ಮೊದಲೇ ಮಾತಾಡಿಕೊಂಡಿದ್ದಂತೆ, ನಿಕ್ಕೆಲ್ಲನ್ನು ಜೋರಾಗಿ ಒತ್ತಬೇಡಿ ಎಂದು ಹುಡುಗಿಗೆ ಕೇಳುವಂತೆ ಪಿಸುಗುಟ್ಟಿದರು. ತಕ್ಷಣ ಆಕೆಗೆ ಸೆಟೆತ ಬಂತು. ಆಮೇಲೆ ನಿಜವಾದ ನಿಕ್ಕೆಲ್ ಮುಟ್ಟಿಸಿದಾಗ, ಅದು ನಿಕ್ಕೆಲ್ ಎಂದು ಗೊತ್ತಿಲ್ಲದ್ದರಿಂದ ಏನೂ ಆಗಲಿಲ್ಲ. ಅಂದರೆ ಕೆಲಸ ಮಾಡುತ್ತಿದ್ದುದು ಲೋಹವಲ್ಲ, ಕಿವಿಗೆ ಬಿದ್ದ ಮಾತು. ಆ ವರ್ಷ ಮುಗಿಯುವುದರೊಳಗೆ ಎಲಿಯಟ್ಸನ್ ಹುದ್ದೆ ಬಿಟ್ಟ, ಗೆಳೆತನವೂ ಮುರಿಯಿತು.

ಇಂಥ ಪರೀಕ್ಷೆಗೆ ನಮ್ಮ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಡಾ. ಎಚ್. ನರಸಿಂಹಯ್ಯ ಅವರು ಕರೆ ಕೊಟ್ಟಿದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಅವರು ಸಮಿತಿ ಮಾಡಿದರು. ಪವಾಡ ಪುರುಷರಿಗೆ ಪತ್ರ ಬರೆದು ಆಹ್ವಾನಿಸಿದರು. ವಾಕ್ಲಿಯ ಮನೆಗೆ ಓಕಿ ಸೋದರಿಯರಾದರೂ ಬಂದಿದ್ದರು. ಇಲ್ಲಿ ಆ ಪತ್ರಗಳಿಗೆ ಉತ್ತರವೇ ಬರಲಿಲ್ಲ.

ವೈದ್ಯನೇ ಕೊರೋನರ್ ಏಕಾಗಬೇಕು?

1830ರವರೆಗೂ ಇಂಗ್ಲೆಂಡಿನ ಕೊರೋನರ್‌ಗಳು ಸಾಮಾನ್ಯವಾಗಿ ವಕೀಲರು. ವಿಷವೋ ಹೃದ್ರೋಗವೋ, ಏಟೋ ಕೊಳೆತದ್ದೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಆ ವರ್ಷ ನಡೆದ ಒಂದು ಸಾವು ವಾಕ್ಲಿಯನ್ನು ಈ ಕಡೆಗೆ ತಳ್ಳಿತು.

ಜಾನ್ ಸೇಂಟ್ ಜಾನ್ ಲಾಂಗ್ ಎಂಬಾತ ಲಂಡನ್ನಿನ ಹಾರ್ಲಿ ಸ್ಟ್ರೀಟಿನಲ್ಲಿ ಕ್ಷಯ ವಾಸಿ ಮಾಡುತ್ತೇನೆಂದು ಕೂತಿದ್ದ. ವೈದ್ಯ ಓದಿದವನಲ್ಲ, ಮೊದಲು ಚಿತ್ರ ಬರೆಯುತ್ತಿದ್ದವನು. ಗುಟ್ಟಿನ ಎಣ್ಣೆಯೊಂದನ್ನು ಬೆನ್ನಿಗೆ ತಿಕ್ಕಿ ಹುಣ್ಣು ಮಾಡುವುದು, ಆ ಹುಣ್ಣಿನಿಂದ ಸೋರುವ ನೀರಿನ ಜೊತೆ ರೋಗವೂ ಹೊರಹೋಗುತ್ತದೆ ಎನ್ನುವುದು, ಇದೇ ಆತನ ವಿದ್ಯೆ. ಶ್ರೀಮಂತರು ಸಾಲುಗಟ್ಟಿ ನಿಲ್ಲುತ್ತಿದ್ದರು. ಐರ್ಲೆಂಡಿನಿಂದ ಬಂದ ಕ್ಯಾಥರೀನ್ ಕ್ಯಾಶಿನ್ ಎಂಬ ಯುವತಿಗೆ ಕಾಯಿಲೆಯೇ ಇರಲಿಲ್ಲ. ತಂಗಿಗೆ ಬಂದ ಕ್ಷಯ ಈಕೆಗೂ ಬರದಿರಲಿ ಎಂದು ಮುಂಜಾಗ್ರತೆಗೆ ಚಿಕಿತ್ಸೆ ಕೊಡಿಸಿದರು. ಬೆನ್ನಿನ ಹುಣ್ಣು ಕೊಳೆತು ಆಕೆ ಸತ್ತಳು. ವಿಚಾರಣೆಯಲ್ಲಿ ಮನೆಯವರ ಪರವಾಗಿ ನಿಂತು ಸಾಕ್ಷಿಗಳನ್ನು ಪ್ರಶ್ನಿಸಿದವನು ವಾಕ್ಲಿ. ಲಾಂಗ್‌ಗೆ ಶಿಕ್ಷೆಯಾಯಿತು, 250 ಪೌಂಡ್ ದಂಡ. ಆತ ಅದನ್ನು ಅಲ್ಲೇ ಎಣಿಸಿಕೊಟ್ಟು ಮನೆಗೆ ಹೋದ, ಅಂಗಡಿ ಮುಚ್ಚಲಿಲ್ಲ. ಇನ್ನೊಬ್ಬಾಕೆ ಸತ್ತಾಗ ಖುಲಾಸೆಯೂ ಆದ. 1834ರಲ್ಲಿ ಆತ ಸತ್ತದ್ದು ಕ್ಷಯದಿಂದಲೇ.

ಆಗ ಕೊರೋನರ್ ಹುದ್ದೆಗೆ ಚುನಾವಣೆ ನಡೆಯುತ್ತಿತ್ತು. 1830ರಲ್ಲಿ ವಾಕ್ಲಿ ನಿಂತು ವಕೀಲನೊಬ್ಬನ ಎದುರು ಸ್ವಲ್ಪದರಲ್ಲಿ ಸೋತ. ನಡುವೆ 1835ರಲ್ಲಿ ಪಾರ್ಲಿಮೆಂಟಿಗೆ ಆರಿಸಿಬಂದ. ಸಂಘ ಕಟ್ಟಿದ್ದಕ್ಕಾಗಿ ಆಸ್ಟ್ರೇಲಿಯಾಕ್ಕೆ ಗಡೀಪಾರಾಗಿದ್ದ ಟೋಲ್‌ಪಡಲ್ ಊರಿನ ಕೂಲಿಕಾರರ ಪರವಾಗಿ ಮಾತಾಡಿ ಹೆಸರು ಮಾಡಿದ. 1839ರಲ್ಲಿ ಮತ್ತೆ ನಿಂತು ಕೊರೋನರ್ ಆದ.

ಬಂದವನೇ ಮಾಡಿದ ಮೊದಲ ಕೆಲಸ, ಅನಾಥಾಲಯದಂತಿದ್ದ ವರ್ಕ್‌ಹೌಸ್‌ಗಳಲ್ಲಿ, ಜೈಲುಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ಆಗುವ ಸಾವುಗಳನ್ನು ತನಗೆ ತಿಳಿಸಲೇಬೇಕು ಎಂದದ್ದು. ನಾಲ್ಕು ಗೋಡೆಯೊಳಗೆ ಬೇರೆಯವರ ಕೈಯಲ್ಲಿದ್ದು ಸತ್ತವರ ಬಗ್ಗೆ ಕೇಳಲು ಹೊರಗಿನವರೇ ಬೇಕು ಎಂಬುದು ಆತನ ತರ್ಕ. ಹೆಂಡನ್ ಎಂಬಲ್ಲಿನ ವರ್ಕ್‌ಹೌಸಿನಲ್ಲಿ ಥಾಮಸ್ ಆಸ್ಟಿನ್ ಎಂಬ ಮುದುಕ ಬಟ್ಟೆ ಕುದಿಸುವ ಹಂಡೆಗೆ ಬಿದ್ದು ಸತ್ತ. ಯಾರಿಗೂ ಹೇಳದೆ ಹೂತುಬಿಟ್ಟರು. ವಾಕ್ಲಿ ಶವ ಹೊರತೆಗೆಸಿದ. ಇದು ಅವನದೇ ಶವ ಎಂದು ಹೇಗೆ ಹೇಳುತ್ತೀರಿ ಎಂದು ಅಲ್ಲಿನ ಅಧಿಕಾರಿಯೊಬ್ಬ ಜಾಣತನದ ಪ್ರಶ್ನೆ ಹಾಕಿದನಂತೆ. ಇದು ಅವನಲ್ಲದಿದ್ದರೆ ಇನ್ನೆಷ್ಟು ಬಡವರನ್ನು ಆ ಹಂಡೆಯಲ್ಲಿ ಬೇಯಿಸಿದ್ದೀರಿ ಎಂದು ವಾಕ್ಲಿ ತಿರುಗಿ ಕೇಳಿದ. ಹಂಡೆಯ ಸುತ್ತ ತಡೆಗಂಬಿ ಇಲ್ಲದ್ದೇ ಸಾವಿಗೆ ದಾರಿಯಾಯಿತು ಎಂದು ಜ್ಯೂರಿ ಹೇಳಿತು.

ವಿಚಾರಣೆ ಹೆಚ್ಚಿದಂತೆ ಖರ್ಚೂ ಹೆಚ್ಚಿತು. ಮಿಡ್ಲ್‌ಸೆಕ್ಸಿನ ಮ್ಯಾಜಿಸ್ಟ್ರೇಟರು ಬಿಲ್ಲಿಗೆ ತಕರಾರು ತೆಗೆದರು. ಸಮಿತಿ ಕೂತಿತು, ಪಾರ್ಲಿಮೆಂಟಿನವರೆಗೂ ಹೋಯಿತು. ಕೊನೆಗೆ ವಾಕ್ಲಿಯದು ತಪ್ಪಿಲ್ಲ ಎಂದಾಯಿತು.

1840ರ ಜನವರಿಯಲ್ಲಿ ಆತನ ಜ್ಯೂರಿಯಲ್ಲಿ ಒಬ್ಬ ಯುವ ಕಾದಂಬರಿಕಾರ ಕೂತಿದ್ದ. ಅವನೇ ಚಾರ್ಲ್ಸ್ ಡಿಕನ್ಸ್. ಎಲಿಜಾ ಬರ್ಗೆಸ್ ಎಂಬ ಮನೆಗೆಲಸದ ಹುಡುಗಿ ಗುಟ್ಟಾಗಿ ಹೆತ್ತ ಮಗು ಸತ್ತಿತ್ತು. ಕೊಂದಳೋ, ಸತ್ತೇ ಹುಟ್ಟಿತೋ? ಜ್ಯೂರಿಯ ಕೆಲವರು ಆಕೆಯನ್ನು ಕೊಲೆಗಾತಿ ಎನ್ನಲು ತುದಿಗಾಲಲ್ಲಿ ನಿಂತಿದ್ದರು. ಮಗು ಜೀವಂತ ಹುಟ್ಟಿತ್ತು ಎನ್ನಲು ಗಟ್ಟಿ ಆಧಾರ ಇರಲಿಲ್ಲ. ಡಿಕನ್ಸ್ ಆಕೆಯ ಪರ ವಾದಿಸಿದ, ಕೊರೋನರ್ ಆತನಿಗೆ ಒತ್ತಾಸೆಯಾಗಿ ನಿಂತ, ಕೊಲೆ ಎಂಬ ತೀರ್ಮಾನ ಬರಲಿಲ್ಲ. ಹೆಣ ನೋಡಿ ಕಾರಣ ಹುಡುಕುವವನು ಎಂದರೆ ಯಾರನ್ನಾದರೂ ಸಿಕ್ಕಿಸಲು ಕಾಯುವವನು ಎಂದುಕೊಳ್ಳುತ್ತೇವೆ. ಈ ಪ್ರಕರಣದಲ್ಲಿ ಸಿಕ್ಕಿಬೀಳಬೇಕಿದ್ದವಳನ್ನು ಉಳಿಸಿದ್ದೂ ಅದೇ ಕುರ್ಚಿ.

ಬೆನ್ನನ್ನು ಯಾರೂ ನೋಡಿರಲಿಲ್ಲ

ವಾಕ್ಲಿಯ ಹೆಸರು ಮನೆಮಾತಾದದ್ದು 1846ರಲ್ಲಿ. ಫ್ರೆಡರಿಕ್ ಜಾನ್ ವೈಟ್ ಎಂಬ ಸಿಪಾಯಿ ಕುಡಿದ ಅಮಲಿನಲ್ಲಿ ಸಾರ್ಜೆಂಟನಿಗೆ ಕಬ್ಬಿಣದ ಸರಳಿನಿಂದ ಹೊಡೆದ. ಸೇನೆಯ ನ್ಯಾಯಾಲಯ 150 ಚಾಟಿಯೇಟು ವಿಧಿಸಿತು. ಜೂನ್ 15ರಂದು, ಲಂಡನ್ ಹತ್ತಿರದ ಹೌನ್‌ಸ್ಲೋ ಬ್ಯಾರಕ್ಕಿನಲ್ಲಿ, ಇಡೀ ಪಡೆಯನ್ನು ನಿಲ್ಲಿಸಿಕೊಂಡು ಒಂಬತ್ತು ಎಳೆಯ ಚಾಟಿಯಲ್ಲಿ ಇಬ್ಬರು ಸರದಿಯಂತೆ ಹೊಡೆದರು. ವೈಟ್ ಆಸ್ಪತ್ರೆಗೆ ನಡೆದುಕೊಂಡೇ ಹೋದ. ಬೆನ್ನು ಮಾಯುತ್ತಾ ಬಂತು. ಆಮೇಲೆ ಎದೆನೋವು ಶುರುವಾಗಿ ಜುಲೈ 11ರಂದು ಸತ್ತ.

ಸೇನೆಯ ವೈದ್ಯರು ಶವ ಕೊಯ್ದು, ಹೃದಯ ಮತ್ತು ಶ್ವಾಸಕೋಶದ ಉರಿಯೂತದಿಂದ ಸಾವು, ಚಾಟಿಯೇಟಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಟ್ಟರು. ಹೂಳಲು ಅನುಮತಿ ಕೇಳಿದಾಗ ಆ ಊರಿನ ಪಾದ್ರಿಗೆ ಅನುಮಾನ ಬಂತು. ಸಂಬಂಧವಿಲ್ಲ ಎಂದು ಕೇಳದೆಯೇ ಏಕೆ ಹೇಳುತ್ತಿದ್ದಾರೆ? ಆತ ವಾಕ್ಲಿಗೆ ಸುದ್ದಿ ಕಳಿಸಿದ.

ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಂತು. ಸೇನೆಯ ವೈದ್ಯರು ಹೃದಯ ನೋಡಿದ್ದರು, ಶ್ವಾಸಕೋಶ ನೋಡಿದ್ದರು, ಬೆನ್ನನ್ನು ಮಾತ್ರ ಸರಿಯಾಗಿ ಬಿಚ್ಚಿ ನೋಡಿರಲಿಲ್ಲ. ಹೊಡೆದದ್ದು ಬೆನ್ನಿಗೆ! ವಾಕ್ಲಿ ಸೇನೆಗೆ ಸೇರದ ವೈದ್ಯರಿಂದ ಮತ್ತೆ ಪರೀಕ್ಷೆ ಮಾಡಿಸಿದ. ಅದೂ ಸಾಲದೆಂದು ಚರ್ಮರೋಗ ತಜ್ಞ ಎರಾಸ್ಮಸ್ ವಿಲ್ಸನ್‌ನನ್ನು ಕರೆಸಿದ. ಏಟು ಬಿದ್ದ ಜಾಗದ ಕೆಳಗೆ, ಬೆನ್ನುಮೂಳೆಗೆ ತಾಗಿದ ಸ್ನಾಯುಗಳು ಮೆತ್ತಗೆ ಕರಗಿದಂತಾಗಿವೆ, ಏಟು ಬೀಳದಿದ್ದರೆ ಈತ ಬದುಕಿರುತ್ತಿದ್ದ ಎಂದು ವಿಲ್ಸನ್ ಹೇಳಿದ. ಆಗಸ್ಟ್ 3ರಂದು ಜ್ಯೂರಿ ಚಾಟಿಯೇಟೇ ಸಾವಿಗೆ ಕಾರಣ ಎಂದಿತು. ಅದೇ ತಿಂಗಳು ಸೇನೆ ಏಟಿನ ಮಿತಿಯನ್ನು 50ಕ್ಕೆ ಇಳಿಸಿತು. ಬ್ರಿಟಿಷ್ ಸೇನೆಯಲ್ಲಿ ಚಾಟಿ ಪೂರ್ತಿ ನಿಂತದ್ದು 1881ರಲ್ಲಿ.

ವಿಲ್ಸನ್‌ನ ವೈದ್ಯಕೀಯ ವಾದ ಎಷ್ಟು ಗಟ್ಟಿ? ಆಗಲೇ ಅನೇಕ ವೈದ್ಯರು ಅದನ್ನು ಒಪ್ಪಲಿಲ್ಲ. ಸ್ನಾಯುವಿನ ಹಾನಿ ಹೃದಯಕ್ಕೆ ಹೇಗೆ ತಲುಪಿತು ಎಂಬ ಕೊಂಡಿ ಅದರಲ್ಲಿ ಸಡಿಲವಾಗಿಯೇ ಇದೆ. ಆದರೆ ಸೇನೆಯ ವರದಿಯ ದೋಷ ಅದಕ್ಕಿಂತ ದೊಡ್ಡದು. ನೋಡಬೇಕಾದ ಜಾಗವನ್ನೇ ನೋಡದೆ, ಅಲ್ಲೇನೂ ಇಲ್ಲ ಎಂದು ಅದು ಹೇಳಿತ್ತು.

ನಮ್ಮ ಕಾನೂನಿನಲ್ಲೂ ಈ ಬಗೆಯ ಸಾವಿಗೆ ಬೇರೆ ದಾರಿ ಇದೆ. ಅಸಹಜ ಸಾವನ್ನು ಪೊಲೀಸರು ತನಿಖೆ ಮಾಡುವುದು ಹಿಂದೆ ಸಿ.ಆರ್.ಪಿ.ಸಿ. 174ರಡಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ರಡಿ. ಆದರೆ ಪೊಲೀಸ್ ವಶದಲ್ಲಿದ್ದವರು ಸತ್ತರೆ ಪೊಲೀಸರದೇ ತನಿಖೆ ಸಾಲದು, ನ್ಯಾಯಾಂಗ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಸಬೇಕು. ಮಾನವ ಹಕ್ಕುಗಳ ಆಯೋಗಕ್ಕೆ 24 ಗಂಟೆಯೊಳಗೆ ತಿಳಿಸಬೇಕು. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರಂಥ ಮ್ಯಾಜಿಸ್ಟ್ರೇಟರು ಪಂಚನಾಮೆಗೆ ಬರುವುದೂ ಇದಕ್ಕೇ. ಮನೆಯಲ್ಲಿ ಅಂಥ ಸಾವಾದಾಗ, ಮರ್ಯಾದೆ ಹೋಗುತ್ತದೆ, ಪೋಸ್ಟ್‌ಮಾರ್ಟಂ ಬೇಡ, ಬೇಗ ಸುಟ್ಟುಬಿಡೋಣ ಎಂದು ಯಾರಾದರೂ ಅವಸರ ಮಾಡಿದರೆ, ಆ ಅವಸರ ಯಾರಿಗೆ ಲಾಭ ಎಂದು ಕೇಳಿಕೊಳ್ಳಿ. ಸುಟ್ಟ ಮೇಲೆ ಎರಡನೇ ಪರೀಕ್ಷೆ ಇಲ್ಲ. ವೈಟ್‌ನನ್ನು ಹೂಳುವ ಮುನ್ನ ಪಾದ್ರಿ ತಡೆಯದಿದ್ದರೆ ಆ ಕಾಗದವೇ ಸತ್ಯವಾಗಿ ಉಳಿಯುತ್ತಿತ್ತು.

ಈಗ ಆ ಕಿಡ್ನಿ ಫಾರ್ವರ್ಡ್ ವಿಷಯ. ಕಸಿ ಮಾಡಲು ಕಿಡ್ನಿ, ಹೃದಯ ಬೇಕಾದರೆ ಅವನ್ನು ರಕ್ತ ಹರಿಯುತ್ತಿರುವಾಗಲೇ ತೆಗೆಯಬೇಕು. ಅದಕ್ಕೇ ಅಂಗದಾನ ನಡೆಯುವುದು ಹೆಚ್ಚಾಗಿ ಮಿದುಳು ಸತ್ತು ವೆಂಟಿಲೇಟರ್ ಮೇಲಿರುವವರಿಂದ, 1994ರ ಕಾಯ್ದೆಯಂತೆ, ಮನೆಯವರ ಒಪ್ಪಿಗೆ ಪಡೆದು. ಶವಾಗಾರದಲ್ಲಿ ಗಂಟೆಗಟ್ಟಲೆ ಇದ್ದ ದೇಹದ ಕಿಡ್ನಿ ಯಾರಿಗೂ ಉಪಯೋಗಕ್ಕೆ ಬಾರದು. ಸತ್ತ ಕೆಲವು ಗಂಟೆಯೊಳಗೆ ದಾನ ಪಡೆಯಬಹುದಾದ್ದು ಕಣ್ಣಿನ ಪಾರದರ್ಶಕ ಪಟಲದಂಥವು, ಅದೂ ಒಪ್ಪಿಗೆ ಇದ್ದರೆ. ಹಾಗಾದರೆ ಡಬ್ಬಿಯಲ್ಲಿ ಏನೋ ತೆಗೆದುಕೊಂಡು ಹೋದರಲ್ಲ? ವಿಷದ ಅನುಮಾನವಿದ್ದಾಗ ಜಠರ, ಪಿತ್ತಜನಕಾಂಗ, ಕಿಡ್ನಿಯ ತುಂಡುಗಳನ್ನು ಸಾಮಾನ್ಯವಾಗಿ ಗಾಢವಾದ ಉಪ್ಪುನೀರಿನಲ್ಲಿಟ್ಟು ಸೀಲ್ ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಅದು ಮಡಿವಾಳದಲ್ಲಿದೆ. ಉಪ್ಪಿನಲ್ಲಿ ನೆನೆದ ತುಂಡನ್ನು ಯಾರಿಗೂ ಜೋಡಿಸಲಾಗದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅಂಥ ಸಂದರ್ಭದಲ್ಲಿ ಕೊಂದದ್ದು ಮೆಥನಾಲ್ ಎಂದು ತೋರಿಸಿಕೊಡುವುದು ಇಂಥ ಪರೀಕ್ಷೆಗಳೇ. ರಾತ್ರಿ ಪೋಸ್ಟ್‌ಮಾರ್ಟಂ ಮಾಡಲೇಬಾರದು ಎಂಬ ಮಾತೂ ಈಗ ಪೂರ್ತಿ ನಿಜವಲ್ಲ. ಬೆಳಕು ಮತ್ತು ಸೌಲಭ್ಯವಿರುವ ಆಸ್ಪತ್ರೆಗಳಲ್ಲಿ ಮಾಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರಿನಲ್ಲಿ ಹೇಳಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವದಂಥ ಪ್ರಕರಣಗಳನ್ನು ಸಾಮಾನ್ಯವಾಗಿ ಹಗಲಿಗೇ ಬಿಡುತ್ತಾರೆ.

ಕಾಫಿಪುಡಿಯೊಳಗೆ ಇಣುಕಿದಾಗ

ಸಾಯಿಸುವುದೆಲ್ಲ ಚಾಕು, ಚಾಟಿ, ವಿಷದ ಸೀಸೆಯೇ ಆಗಬೇಕಿಲ್ಲ, ಊಟದ ತಟ್ಟೆಯೂ ಆಗಬಹುದು. ಆರ್ಥರ್ ಹಿಲ್ ಹಸಾಲ್ ಎಂಬ ವೈದ್ಯ 1850ರಲ್ಲಿ ಕಾಫಿಪುಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರೊಳಗಿನ ಚಿಕೋರಿಯನ್ನು ಗುರುತಿಸಿದ. ಕಾಫಿಯಲ್ಲಿ ಚಿಕೋರಿ ಇದೆಯೇ ಇಲ್ಲವೇ ಎಂದು ರಸಾಯನಶಾಸ್ತ್ರಜ್ಞರೂ ಹೇಳಲಾರರು ಎಂದು ಅಲ್ಲಿನ ಹಣಕಾಸು ಮಂತ್ರಿ ಪಾರ್ಲಿಮೆಂಟಿನಲ್ಲಿ ಹೇಳಿದ್ದ ಕಾಲ ಅದು. ವಾಕ್ಲಿ ಹಸಾಲನನ್ನು ಕರೆಸಿಕೊಂಡು, 1851ರಿಂದ 1854ರವರೆಗೆ ಲ್ಯಾನ್ಸೆಟ್ಟಿನಲ್ಲಿ ವರದಿಗಳ ಸರಣಿಯನ್ನೇ ಹಾಕಿಸಿದ. ಬ್ರೆಡ್ಡಿನಲ್ಲಿ ಪಟಿಕ, ಕೆಂಪು ಮೆಣಸಿನಪುಡಿಯಲ್ಲಿ ಸೀಸದ ಸಿಂಧೂರ, ಉಪ್ಪಿನಕಾಯಿಯಲ್ಲಿ ತಾಮ್ರ, ಮಕ್ಕಳ ಮಿಠಾಯಿಗೆ ಬಣ್ಣ ಕೊಡಲು ಸೀಸದ ಕ್ರೋಮೇಟ್. ಈ ಕೊನೆಯದು ಹಳೆಯ ಕತೆ ಎಂದುಕೊಳ್ಳಬೇಡಿ. ಬಾಂಗ್ಲಾದೇಶದ ಅರಿಸಿನದಲ್ಲಿ ಇದೇ ಸೀಸದ ಕ್ರೋಮೇಟನ್ನು ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ.

ವರದಿಯಲ್ಲಿ ಅಂಗಡಿಯ ಹೆಸರು, ವಿಳಾಸ ಇರುತ್ತಿತ್ತು. ಕಲಬೆರಕೆ ಮಾಡಿದವರದೂ, ಶುದ್ಧ ಮಾಲು ಕೊಟ್ಟವರದೂ. ನನಗೆ ಬಹಳ ಹಿಡಿಸಿದ್ದು ಈ ಎರಡನೆಯದು. ಪ್ಲಾಸ್ಟಿಕ್ ಅಕ್ಕಿ ವಿಡಿಯೋದಲ್ಲಿ ಅಂಗಡಿಯೂ ಇರುವುದಿಲ್ಲ, ಬ್ಯಾಚ್ ಸಂಖ್ಯೆಯೂ ಇರುವುದಿಲ್ಲ, ಯಾವ ಲ್ಯಾಬಿನಲ್ಲಿ ನೋಡಿದರು ಎಂಬುದೂ ಇರುವುದಿಲ್ಲ. 1855ರಲ್ಲಿ ಪಾರ್ಲಿಮೆಂಟ್ ಸಮಿತಿ ಕೂತು, 1860ರಲ್ಲಿ ಕಲಬೆರಕೆ ವಿರುದ್ಧದ ಮೊದಲ ಸಾಮಾನ್ಯ ಕಾಯ್ದೆ ಬಂತು. ನಮ್ಮಲ್ಲಿ ಅಂಥ ಕೇಂದ್ರ ಕಾಯ್ದೆ ಬಂದದ್ದು 1954ರಲ್ಲಿ, ಈಗಿರುವುದು 2006ರದ್ದು.

ಅಂದಹಾಗೆ, ಚಿಕೋರಿ ವಿಷವಲ್ಲ. ಅದು ಹುರಿದ ಒಂದು ಬೇರು. ಗಾಂಧಿ ಬಜಾರಿನಲ್ಲಿ ಪುಡಿ ಮಾಡಿಸುವಾಗ ಎಷ್ಟು ಚಿಕೋರಿ ಹಾಕಲಿ ಎಂದು ಕೇಳಿಯೇ ಹಾಕುತ್ತಾರೆ. ನಮ್ಮ ಆಹಾರ ನಿಯಮದಂತೆ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಶೇಕಡ ಇರಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಬರೆಯಬೇಕು. ಹೇಳಿ ಹಾಕಿದರೆ ರುಚಿ, ಹೇಳದೆ ಹಾಕಿದರೆ ಕಲಬೆರಕೆ.

ಕಾಲರಾದಲ್ಲಿ ಎಡವಿದ್ದು

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. 1854ರಲ್ಲಿ ಡಾ. ಜಾನ್ ಸ್ನೋ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತ ಕಾಲರಾದಿಂದ ಸತ್ತವರ ಮನೆಗಳನ್ನು ಗುರುತು ಹಾಕಿ, ರೋಗ ಹರಡುತ್ತಿರುವುದು ಕುಡಿಯುವ ನೀರಿನಿಂದ ಎಂದು ತೋರಿಸಿದ್ದ. ಆದರೆ ದುರ್ನಾತವೇ ರೋಗಕ್ಕೆ ಕಾರಣ ಎಂಬುದು ಆ ಕಾಲದ ದೊಡ್ಡವರ ನಂಬಿಕೆ. ವಾಕ್ಲಿಯದೂ ಅದೇ. ಎಲುಬು ಕುದಿಸುವ ಕಾರ್ಖಾನೆಗಳ ವಾಸನೆಯಿಂದ ಸಾಂಕ್ರಾಮಿಕ ಹರಡುವುದಿಲ್ಲ ಎಂದು ಸ್ನೋ ಪಾರ್ಲಿಮೆಂಟ್ ಸಮಿತಿಯ ಮುಂದೆ ಸಾಕ್ಷಿ ಹೇಳಿದಾಗ, 1855ರ ಜೂನಿನಲ್ಲಿ ಲ್ಯಾನ್ಸೆಟ್ ಆತನನ್ನು ಹೀನಾಯವಾಗಿ ಗೇಲಿ ಮಾಡಿತು. ನಿಕ್ಕೆಲ್ಲನ್ನು ಮರೆಮಾಡಿ ಪರೀಕ್ಷಿಸಿದವನು, ಸತ್ತವರ ಲೆಕ್ಕ ಹಿಡಿದು ಬಂದವನ ಮಾತನ್ನು ಮಾತ್ರ ಪರೀಕ್ಷಿಸಲಿಲ್ಲ. 1858ರಲ್ಲಿ ಸ್ನೋ 45ನೇ ವಯಸ್ಸಿಗೆ ಸತ್ತಾಗ ಪತ್ರಿಕೆ ಬರೆದ ಪುಟ್ಟ ಶ್ರದ್ಧಾಂಜಲಿಯಲ್ಲಿ ಕಾಲರಾದ ಹೆಸರೇ ಇರಲಿಲ್ಲ. ಲ್ಯಾನ್ಸೆಟ್ ಅದಕ್ಕೆ ತಿದ್ದುಪಡಿ ಹಾಕಿದ್ದು 2013ರಲ್ಲಿ.

ದೊಡ್ಡ ಪತ್ರಿಕೆಯಲ್ಲಿ ಬಂದಿದೆ ಎಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ ಎನ್ನಲು ಇನ್ನೊಂದು ಉದಾಹರಣೆ ಬೇಕೆ? ಎಂ.ಎಂ.ಆರ್. ಲಸಿಕೆಗೂ ಆಟಿಸಂಗೂ ನಂಟು ಹಾಕಿದ, ಇಂದಿಗೂ ಫಾರ್ವರ್ಡ್ ಆಗುತ್ತಿರುವ 1998ರ ಲೇಖನ ಬಂದದ್ದು ಇದೇ ಲ್ಯಾನ್ಸೆಟ್ಟಿನಲ್ಲಿ. ಅದರಲ್ಲಿದ್ದುದು 12 ಮಕ್ಕಳ ವಿವರ. ಪತ್ರಿಕೆ 2010ರಲ್ಲಿ ಅದನ್ನು ಪೂರ್ತಿ ಹಿಂತೆಗೆದುಕೊಂಡಿತು. ಕಳಿಸುವವರು ಆ ಎರಡನೇ ಸುದ್ದಿಯನ್ನು ಕಳಿಸುವುದಿಲ್ಲ.

1858ರಲ್ಲಿ ಬ್ರಿಟನ್ನಿನ ವೈದ್ಯಕೀಯ ಕಾಯ್ದೆ ಬಂತು. ಓದಿ ನೋಂದಣಿಯಾದ ವೈದ್ಯರ ಪಟ್ಟಿ ಎಂಬುದು ಅಲ್ಲಿಂದ ಶುರು. ವಾಕ್ಲಿ ಅದಕ್ಕಾಗಿ ದಶಕಗಳ ಕಾಲ ಗಲಾಟೆ ಮಾಡಿದ್ದ, ಬಂದ ಕಾಯ್ದೆ ಮಾತ್ರ ಆತ ಕೇಳಿದ್ದಕ್ಕಿಂತ ಸಪ್ಪೆ. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1852ರಲ್ಲೇ ಪಾರ್ಲಿಮೆಂಟ್ ಬಿಟ್ಟಿದ್ದ, ಕೊರೋನರ್ ಕೆಲಸ ಮಾತ್ರ ಬಿಡಲಿಲ್ಲ. ಶ್ವಾಸಕೋಶಕ್ಕೆ ಕ್ಷಯ ಹಿಡಿದು, ಬೆಚ್ಚಗಿನ ಹವೆಗೆಂದು ಮದೀರಾ ದ್ವೀಪಕ್ಕೆ ಹೋದ. ಅಲ್ಲಿ ಜಾರಿ ಬಿದ್ದು ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ 1862ರ ಮೇ 16ರಂದು ಸತ್ತ. ಶವವನ್ನು ಲಂಡನ್ನಿಗೆ ತಂದು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿಟ್ಟರು. ಲ್ಯಾನ್ಸೆಟ್ಟನ್ನು ಮಕ್ಕಳು ಮುಂದುವರಿಸಿದರು.